ನೀರು ಹೊತ್ತ ಇಳಿಜಾರು: ಕೊಡಗಿನ ಭೂಕುಸಿತ ಮತ್ತು ಬೆಟ್ಟದ ಹಾದಿಯ ಸುರಕ್ಷತೆ

ಕೊಡಗಿನ ಬೆಟ್ಟಗಳಲ್ಲಿ ಮಳೆಗಾಲದ ಅಪಾಯವನ್ನು ಆಯಾ ದಿನದ ಮಳೆಯಿಂದಷ್ಟೇ ಅಳೆಯುವ ರೂಢಿಯಿದೆ. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲಗಳಲ್ಲಿ, 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಬಳಿಯ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಸಂಭವಿಸಿದ ಭೂಕುಸಿತಗಳನ್ನು ಒಟ್ಟಿಗಿಟ್ಟು ನೋಡಿದರೆ, ಮಣ್ಣು ವಾರಗಟ್ಟಲೆ ಹೀರಿಕೊಂಡ ನೀರನ್ನೂ ಅಷ್ಟೇ ಗಂಭೀರವಾಗಿ ಪರಿಗಣಿಸಬೇಕೆಂಬುದು ಸ್ಪಷ್ಟವಾಗುತ್ತದೆ.

ಇಲ್ಲಿನ ಗ್ನೈಸ್ ಶಿಲೆಯು ದೀರ್ಘಕಾಲ ಶಿಥಿಲಗೊಂಡು ದಪ್ಪನೆಯ ಮಣ್ಣಿನ ಹೊದಿಕೆಯಾಗಿ ಮಾರ್ಪಟ್ಟಿದೆ. ಜೂನ್, ಜುಲೈ ತಿಂಗಳುಗಳ ಮಳೆನೀರು ಈ ಹೊದಿಕೆಯೊಳಗೆ ಇಂಗಿ, ಅಡಿಯ ಗಟ್ಟಿ ಬಂಡೆಯನ್ನು ಮುಟ್ಟಿದ ಮೇಲೆ ಸುಲಭವಾಗಿ ಕೆಳಗಿಳಿಯಲಾರದೆ ಸಂಗ್ರಹವಾಗುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ತುಂಬಿದ ಆ ನೀರಿನ ಒತ್ತಡ, ಅಂದರೆ ರಂಧ್ರಜಲ ಒತ್ತಡ, ಏರಿದಂತೆ ಕಣಗಳ ಪರಸ್ಪರ ಹಿಡಿತ ಕುಗ್ಗಿ, ಮೇಲಿನ ಮರಗಿಡಗಳ ಸಮೇತ ಇಳಿಜಾರು ಜಾರುತ್ತದೆ. ರಸ್ತೆಗೋ ಹೋಂಸ್ಟೇಗೋ ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ಬಿಟ್ಟ ಬರೆಗಳಲ್ಲಿ ಆಸರೆಯೇ ಇಲ್ಲವಾಗುವುದರಿಂದ ಕುಸಿತ ಇನ್ನೂ ಸುಲಭ.

ಹಿಮಾಲಯದ ವಸಂತಕಾಲದ ಹಿಮಕುಸಿತಕ್ಕೂ ಇದಕ್ಕೂ ಮೂಲದಲ್ಲಿ ಸಾಮ್ಯವಿದೆ: ಅಲ್ಲಿ ಬಿಸಿಲಿಗೆ ಕರಗಿದ ನೀರು ಹಿಮದ ಪದರಗಳೊಳಗೆ ಇಳಿದು ಅವುಗಳ ಬಿಗಿಯನ್ನು ಕಳೆಯುತ್ತದೆ. ಆದರೆ ಶುಭ್ರ ಆಕಾಶದ ರಾತ್ರಿಯಲ್ಲಿ ಆ ನೀರು ಮತ್ತೆ ಹೆಪ್ಪುಗಟ್ಟುವುದರಿಂದ ಪರ್ವತಾರೋಹಿಗಳು ನಸುಕಿನಲ್ಲೇ ಹೊರಟು ಬಿಸಿಲೇರುವ ಮೊದಲು ಇಳಿಜಾರನ್ನು ದಾಟಿಬಿಡುತ್ತಾರೆ. ಕೊಡಗಿನ ಮಣ್ಣಿಗೆ ಅಂಥ ರಾತ್ರಿಯ ವಿರಾಮವಿಲ್ಲ. ಹಿಂದಿನ ವರ್ಷವೇ ಬಿರುಕು ಕಾಣಿಸಿಕೊಂಡಿದ್ದ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕ ಕುಟುಂಬದ ಮನೆಯನ್ನು ಆಹುತಿ ತೆಗೆದುಕೊಂಡದ್ದು ರಾತ್ರಿಯಲ್ಲೇ. ಮಳೆ ಬಿಟ್ಟಿತೆಂದು ಮರುದಿನವೇ 1748 ಮೀಟರ್ ಎತ್ತರದ ತಡಿಯಂಡಮೋಳ್ ಹಾದಿಯನ್ನು ಹಿಡಿಯುವುದು ಆದ್ದರಿಂದಲೇ ಅವಿವೇಕ.

ಮಳೆಗಾಲದಲ್ಲಿ ಅನಿವಾರ್ಯವಾಗಿ ಓಡಾಡುವ ತೋಟದ ಕಾರ್ಮಿಕರಿಗೂ ಅರಣ್ಯ ಸಿಬ್ಬಂದಿಗೂ ನೆಲವೇ ಕೆಲವು ಸೂಚನೆಗಳನ್ನು ಕೊಡುತ್ತದೆ: ಇಳಿಜಾರಿಗೆ ಅಡ್ಡಲಾಗಿ ಬಾಯ್ದೆರೆದ ಬಿರುಕು, ಹೊಸದಾಗಿ ವಾಲಿದ ಸಿಲ್ವರ್ ಓಕ್ ಮರಗಳು, ಹಿಂದೆಂದೂ ಇಲ್ಲದ ಕಡೆ ಉಕ್ಕುವ ಕೆಸರು ಒರತೆ. ಇವೆಲ್ಲಕ್ಕಿಂತ ಆತಂಕಕಾರಿಯಾದುದು ಸುರಿಮಳೆಯ ನಡುವೆಯೇ ತೋಡಿನ ನೀರು ಥಟ್ಟನೆ ಇಳಿದುಹೋಗುವುದು. ಮೇಲೆಲ್ಲೋ ಕುಸಿದ ಮಣ್ಣು ಹರಿವನ್ನು ಕಟ್ಟಿಹಾಕಿರಬಹುದಾಗಿದ್ದು, ಆ ಕಟ್ಟೆ ಒಡೆದರೆ ಬಂಡೆ, ಮರ, ಕೆಸರು ಒಂದಾಗಿ ಕಣಿವೆಯುದ್ದಕ್ಕೂ ನುಗ್ಗುತ್ತವೆ. ಆಗ ನೀರು ಕಡಿಮೆಯಾಯಿತೆಂದು ತೋಡನ್ನು ದಾಟಬಾರದು. ಬಿರುಕಿಲ್ಲದ, ನೀರು ಇಬ್ಬದಿಗೂ ಹರಿದುಹೋಗುವ ಏಣಿನ ಕಡೆಗೆ ಏರಬೇಕು.