ಶಾಸನವೂ ಸ್ಮರಣೆಯೂ

ಮರೆಯಲಾಗದ ನೆನಪನ್ನು ಕುರಿತು 'ಕಲ್ಲಿನಲ್ಲಿ ಕೊರೆದಂತಿದೆ' ಎನ್ನುವುದು ನಮ್ಮ ವಾಡಿಕೆ. ಹರಿಹರದ ಹರಿಹರೇಶ್ವರ ದೇವಾಲಯದ ಆವರಣದಲ್ಲಿ ನಿಂತವರಿಗೆ ಈ ಮಾತಿನ ಬಲ ಅರಿವಾಗುತ್ತದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಈ ಗುಡಿಯನ್ನು ಕಟ್ಟಿಸಿದ ಸಂಗತಿಯನ್ನು ಅಲ್ಲಿಯ ಶಾಸನ ಎಂಟು ಶತಮಾನಗಳಿಂದ ಹಿಡಿದಿಟ್ಟುಕೊಂಡಿದೆ. ನಮ್ಮ ಮಿದುಳೂ ಹೀಗೆಯೇ ಹಿಡಿದಿಡುತ್ತದೆಯೇ?

ಈ ಪ್ರಶ್ನೆಗೆ ನನ್ನ ಮಟ್ಟಿಗೆ ಒಂದು ತುರ್ತು ಇದೆ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರ ಮಾತುಗಳನ್ನು ಗೆಳೆಯರೊಡನೆ ಬರೆದಿಟ್ಟುಕೊಳ್ಳುತ್ತಿದ್ದೇನೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿದು. ಅನೇಕ ಗಿರಣಿಗಳು ಮುಚ್ಚಿದ ಮೇಲೆ ಅಲ್ಲಿಯ ದಿನಚರಿ ಉಳಿದಿರುವುದು ಬಹುಮಟ್ಟಿಗೆ ಇವರ ನೆನಪಿನಲ್ಲಿ. ಅದನ್ನು ಇತಿಹಾಸವೆಂದು ಎಷ್ಟರಮಟ್ಟಿಗೆ ಒಪ್ಪಬಹುದು?

ವಿಜ್ಞಾನಿಗಳಿಗೆ ದಾರಿ ತೋರಿದ್ದು ಒಬ್ಬ ಅಮೆರಿಕನ್ನನ ದುರದೃಷ್ಟ. ಹೆನ್ರಿ ಮೊಲೈಸನ್ ಎಂಬಾತನಿಗೆ ತೀವ್ರವಾದ ಅಪಸ್ಮಾರ. 1953ರಲ್ಲಿ, ಅವನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ವೈದ್ಯ ಸ್ಕೋವಿಲ್ ಅವನ ಮಿದುಳಿನ ಎರಡೂ ಪಾರ್ಶ್ವಗಳಲ್ಲಿ ಹಿಪ್ಪೋಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದುಹಾಕಿದನು. ಗ್ರೀಕಿನಲ್ಲಿ ಕಡಲ್ಗುದುರೆ ಎಂಬ ಅರ್ಥದ ಹೆಸರು, ಆಕಾರವೂ ಹಾಗೆಯೇ. ಮೂರ್ಛೆ ಕಡಿಮೆಯಾಯಿತು, ಆದರೆ ಅಂದಿನಿಂದ ನಡೆದ ಯಾವ ಘಟನೆಯೂ ಅವನಲ್ಲಿ ನಿಲ್ಲದಾಯಿತು. ದಶಕಗಳ ಕಾಲ ಅವನನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಅವರೂ ಅವನಿಗೆ ಪ್ರತಿಸಲ ಅಪರಿಚಿತರೇ. ಆಶ್ಚರ್ಯವೆಂದರೆ, ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರ ಬರೆಯುವ ಕುಶಲತೆಯನ್ನು ಅವನು ಕಲಿತುಕೊಂಡನು. ಕಲಿತದ್ದು ಮಾತ್ರ ಅವನಿಗೆ ನೆನಪಿಲ್ಲ! ಅಂದಮೇಲೆ ನೆನಪು ಒಂದೇ ಬಗೆಯದಲ್ಲ. 1972ರಲ್ಲಿ ಎಂಡೆಲ್ ಟಲ್ವಿಂಗ್ ಇನ್ನೂ ಒಂದು ಭೇದವನ್ನು ಮಾಡಿದರು. ಪೋಲಾಳ್ವನು ಗುಡಿ ಕಟ್ಟಿಸಿದನೆಂಬುದು ಅರಿವಿನ ನೆನಪು. ಆ ಗುಡಿಗೆ ನಾನು ತಾಯಿಯ ಕೈಹಿಡಿದು ಹೋದದ್ದು ಘಟನೆಯ ನೆನಪು.

ಘಟನೆಯನ್ನು ಮಿದುಳು ಒಂದೆಡೆ ಕೂಡಿಡುವುದಿಲ್ಲ. ನೋಟ, ಸದ್ದು, ವಾಸನೆಗಳು ಮಿದುಳಿನ ಬೇರೆ ಬೇರೆ ಭಾಗಗಳಿಗೆ ಸೇರುತ್ತವೆ. ಅವುಗಳನ್ನು ಒಂದು ದಾರದಲ್ಲಿ ಪೋಣಿಸುವುದು ಹಿಪ್ಪೋಕ್ಯಾಂಪಸ್. ಬ್ಲಿಸ್ ಮತ್ತು ಲೋಮೊ 1973ರಲ್ಲಿ ಮೊಲದ ಮಿದುಳಿನಲ್ಲಿ ಕಂಡಂತೆ, ಬಲವಾದ ಪ್ರಚೋದನೆಯ ತರುವಾಯ ನರಕೋಶಗಳ ನಡುವಣ ಬೆಸುಗೆ ಗಂಟೆಗಟ್ಟಲೆ ಗಟ್ಟಿಯಾಗಿರುತ್ತದೆ. ಎರಡು ವರ್ಷ ಮೊದಲೇ ಜಾನ್ ಓಕೀಫ್ ಲಂಡನ್ನಿನಲ್ಲಿ, ಇಲಿ ನಿರ್ದಿಷ್ಟ ಸ್ಥಳಕ್ಕೆ ಬಂದಾಗ ಮಾತ್ರ ಮಿಡಿಯುವ ಕೋಶಗಳನ್ನು ಇದೇ ಭಾಗದಲ್ಲಿ ಗುರುತಿಸಿದ್ದರು. ಅದಕ್ಕಾಗಿ 2014ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. 'ಎಲ್ಲಿ' ಎಂಬುದು ನೆನಪಿನ ಹಂದರವೆಂದು ತೋರುತ್ತದೆ.

ಇನ್ನು ಕೊರೆದ ಅಕ್ಷರದ ಉಪಮೆಯನ್ನೇ ಅಲುಗಿಸಿದ ಪ್ರಯೋಗ 2000ದಲ್ಲಿ ನಡೆದದ್ದು. ಒಂದು ಸದ್ದಿಗೆ ಅಂಜಲು ಕಲಿತ ಇಲಿಗಳಿಗೆ ಆ ಸದ್ದನ್ನು ಮತ್ತೆ ಕೇಳಿಸಿ, ಕೂಡಲೆ ಅಮಿಗ್ಡಲ ಎಂಬ ಭಾಗದಲ್ಲಿ ಪ್ರೋಟೀನ್ ತಯಾರಿಕೆಯನ್ನು ಕರೀಂ ನಾದರ್ ಮತ್ತು ಸಂಗಡಿಗರು ತಡೆದರು. ನೆಲೆಗೊಂಡಿದ್ದ ಅಂಜಿಕೆಯ ನೆನಪೇ ಕೆಟ್ಟಿತು. ನೆನೆದಾಗ ನೆನಪು ಸಡಿಲಗೊಂಡು ಮತ್ತೆ ಗಟ್ಟಿಯಾಗಬೇಕಾಗುತ್ತದೆಯೆಂದು ಅವರು ತರ್ಕಿಸಿದರು. ಇಲಿಯ ಅಂಜಿಕೆ ಮನುಷ್ಯನ ಘಟನಾಸ್ಮೃತಿಯಲ್ಲ, ನಿಜ. ಆದರೂ ನನಗೆ ಸರಿಯಾದ ಉಪಮೆ ದೊರೆತದ್ದು ಇಲ್ಲಿಯೇ: ನೆನಪು ಹರಿಹರದ ಶಾಸನದಂತಲ್ಲ, ಗುಡಿಯಂತೆ. ಪೋಲಾಳ್ವನು ಕಟ್ಟಿಸಿದ ಗುಡಿಗೆ 1268ರಲ್ಲಿ ಸೋಮ ದಂಡನಾಯಕನು ಹೊಸ ಭಾಗಗಳನ್ನು ಸೇರಿಸಿದನು. ಭಕ್ತರಿಗೆ ಕಾಣುವುದು ಒಂದೇ ಗುಡಿ.

ನಮ್ಮ ಬೆಂಗಳೂರಿನ ಒಂದು ಶೋಧವನ್ನೂ ಹೇಳಬೇಕು. ಸುಮಂತ್ರ ಚಟರ್ಜಿ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದಂತೆ, ದಿನದಿನವೂ ಬಂಧನದ ಒತ್ತಡಕ್ಕೆ ಗುರಿಯಾದ ಇಲಿಗಳ ಹಿಪ್ಪೋಕ್ಯಾಂಪಸ್ಸಿನಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದ್ದವು. ಅಮಿಗ್ಡಲದಲ್ಲಿ ಅವೇ ಕೊಂಬೆಗಳು ಹರಡಿಕೊಂಡಿದ್ದವು. ದೀರ್ಘ ಸಂಕಟದಲ್ಲಿ ಬಾಳಿದವರಿಗೆ ಭಯ ನಿಚ್ಚಳವಾಗಿ ಉಳಿದು, ದಿನ ವಾರಗಳು ಮಸುಕಾಗುವುದಕ್ಕೆ ಇದೊಂದು ಸುಳಿವಾಗಿರಬಹುದು.

ಹೀಗೆಂದು ಹಿರಿಯರ ಮಾತನ್ನು ತಳ್ಳಿಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಕೇಳುವ ಕ್ರಮವನ್ನು ಬದಲಿಸಿಕೊಂಡಿದ್ದೇವೆ, ಅಷ್ಟೆ. 'ಅದು ಯಾವ ವರ್ಷ?' ಎಂದು ಮೊದಲೇ ಕೇಳುವುದಿಲ್ಲ. 'ಯಜಮಾನರೇ, ನಿಮ್ಮ ಮಗ್ಗ ಎಲ್ಲಿತ್ತು? ಪಾಳಿ ಮುಗಿದ ಮೇಲೆ ಯಾವ ಬಾಗಿಲಿಂದ ಹೊರಗೆ ಬರುತ್ತಿದ್ದಿರಿ?' ಎನ್ನುತ್ತೇವೆ. ಅವರು ಕಣ್ಣುಮುಚ್ಚಿ ಬಾಗಿಲಿನಿಂದ ಬಾಗಿಲಿಗೆ ನಡೆಯುತ್ತಾ ಹೇಳುತ್ತಾರೆ. ಮೊದಲ ಸಲ ಹೇಳಿದ್ದನ್ನು ಹಾಗೆಯೇ ಬರೆದು, ಎರಡನೆಯ ಸಲ ಹೇಳಿದ್ದನ್ನು ತಿದ್ದದೆ ಅದರ ಪಕ್ಕದಲ್ಲಿ ಬರೆಯುತ್ತೇವೆ. ವರ್ಷವನ್ನು ಆಮೇಲೆ ಹಳೆಯ ಪತ್ರಿಕೆಗಳಲ್ಲಿ ಹುಡುಕುತ್ತೇವೆ.