ಕೆರೆಯಂಗಳದ ಜಾಲಿ

ಊರಂಚಿನ ಮರಕ್ಕೆ ಒಡೆಯರು ಯಾರು? ಹೊಲದ ಮರಕ್ಕೆ ರೈತನುಂಟು, ಕಾಡಿನ ಮರಕ್ಕೆ ಸರ್ಕಾರವುಂಟು. ಊರು ಮುಗಿದು ಹೊಲ ಮೊದಲಾಗುವ ಎಡೆಯಲ್ಲಿ, ದಾರಿಯ ಬದಿಗೋ ಕೆರೆಯ ಅಂಗಳದಲ್ಲೋ ನಿಂತ ಮರ ಮಾತ್ರ ಎಲ್ಲರದೂ ಹೌದು, ಯಾರದೂ ಅಲ್ಲ. ಕೊಡಲಿ ಮೊದಲು ಬೀಳುವುದೂ ಅದಕ್ಕೇ. ಇಂಥ ಮರದ ಪರವಾಗಿ ಕಾನೂನು ಏನು ಹೇಳುತ್ತ ಬಂದಿದೆ ಎಂಬುದನ್ನು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯ ಸೀಮೆಯಲ್ಲಿ ನಿಂತು ನೋಡಬಹುದು.

ವಿಚಾರ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪುರದ ಉಪವನಗಳ ಮರಗಳಿಗೊಂದು ದಂಡದ ಪಟ್ಟಿಯೇ ಇದೆ. ಚಿಗುರು ಕಡಿದರೆ 6 ಪಣ, ಸಣ್ಣ ಕೊಂಬೆಗೆ 12, ದಪ್ಪ ಕೊಂಬೆಗೆ 24. ಕಾಂಡಕ್ಕೆ ಕೈಹಚ್ಚಿದರೆ ದಂಡ ಇನ್ನೂ ಏರುತ್ತದೆ. ಎಲ್ಲೆಯ ಗುರುತಿನ ಮರ, ಪೂಜೆಗೊಳ್ಳುವ ಮರವಾದರೆ ಇಮ್ಮಡಿ. ಕೌಟಿಲ್ಯ ಲೆಕ್ಕದಲ್ಲಿ ಎಂದೂ ಸಡಿಲವಾದವನಲ್ಲ. ಆದರೆ ಆ ಪಟ್ಟಿ ಹೂವು, ಹಣ್ಣು, ನೆರಳು ಕೊಡುವ ಮರಗಳದು. ಮುಳ್ಳಿನ ಜಾಲಿಗೆ ಅಲ್ಲಿ ಎಡೆ ದೊರೆಯುತ್ತಿತ್ತೇ ಎಂಬುದು ಸಂದೇಹ.

1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸಿಗೆ ಸೇರಿತ್ತು. 1882ರ ಮದ್ರಾಸ್ ಅರಣ್ಯ ಕಾಯ್ದೆಯ ಕಣ್ಣು ಮುಖ್ಯವಾಗಿ ಮೀಸಲು ಕಾಡಿನ ಮೇಲೆ. ಊರಂಚಿನ ಮರವನ್ನು ಹೆಚ್ಚಾಗಿ ಕಂದಾಯದವರು ನೋಡಿಕೊಂಡರು. ಅವರ ಪದ್ಧತಿಯಲ್ಲಿ ಮರಕ್ಕೇ ಪಟ್ಟಾ ಕೊಡುವುದೊಂದಿತ್ತು: ನೆಲ ಸರ್ಕಾರದ್ದು, ಫಲ ನೆಟ್ಟವನದು. ನನಗೆ ಇದು ಜಾಣತನದ ಏರ್ಪಾಡೆನಿಸುತ್ತದೆ. ಹಣ್ಣಿನ ಆಸೆ ಕಾವಲುಗಾರನ ಸಂಬಳವನ್ನು ಉಳಿಸುತ್ತದೆ.

1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದಿತು. ತನ್ನ ಹಿತ್ತಲಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕೆಂದು ಅದು ಹೇಳಿದಾಗ, ಮರ ಬರಿಯ ಸೊತ್ತಲ್ಲವೆಂಬ ಮಾತು ಮೊದಲ ಬಾರಿಗೆ ನಮ್ಮ ಪೇಟೆಯ ಮನೆಬಾಗಿಲಿಗೆ ಬಂತು. ಆದರೆ ಅದೇ ಕಾಯ್ದೆಯಲ್ಲಿ ಹಿಂಬಾಗಿಲೂ ಇದೆ. ಮರ ಜೀವಕ್ಕೆ ಅಪಾಯ, ಸಂಚಾರಕ್ಕೆ ಅಡ್ಡಿ ಎಂದು ಕಂಡರೆ ಅನುಮತಿ ದೊರೆಯುತ್ತದೆ. ರಸ್ತೆ ಅಗಲವಾದ ದಿನ ನೆರಳಿನ ಮರವೆಲ್ಲ ಅಡ್ಡಿಯೇ. ನೀಲಗಿರಿ, ತೆಂಗು, ಸಿಲ್ವರ್ ಓಕ್ ಮುಂತಾದವುಗಳಿಗೆ ಅನುಮತಿಯೇ ಬೇಡ. ಆ ವಿನಾಯಿತಿಯ ಸಾಲಿನಲ್ಲಿ ನಾವು ಬಳ್ಳಾರಿ ಜಾಲಿಯೆನ್ನುವುದೂ ಇದೆ. ಹೆಸರಿಗೆ ಬಳ್ಳಾರಿಯದಾದರೂ ಅದು ಅಮೆರಿಕ ಖಂಡದ ಗಿಡ; 1877ರ ಬರಗಾಲದ ದಿನಗಳಲ್ಲಿ ಮದ್ರಾಸ್ ಸರ್ಕಾರ ಅದರ ಬೀಜ ತರಿಸಿತು.

ನಾಡಜಾಲಿಯ ಕತೆ ಬೇರೆ. ತಂಬ್ರಹಳ್ಳಿಯಿರುವ ತಾಲ್ಲೂಕಿನಲ್ಲೇ ಅಂಕಸಮುದ್ರವೆಂಬ ಊರಿದೆ. ಅದರ ಹಳೆಯ ಕೆರೆ ಸುಮಾರು 244 ಎಕರೆಯದು. ಅದರ ಅಂಗಳದಲ್ಲಿ ಜಾಲಿಮರಗಳು ನಿಂತಿವೆ. ಜಾಲಿಯೆಂದರೆ ನೇಗಿಲಿಗೆ, ಬಂಡಿಗೆ, ಒಲೆಗೆ. ಕಾಯಿ ಆಡಿಗೆ, ತೊಗಟೆ ತೊಗಲು ಹದಮಾಡುವವರಿಗೆ, ಮುಳ್ಳು ಬೇಲಿಗೆ. ಕಡಿಯುವುದಕ್ಕೆ ಇಷ್ಟೊಂದು ಕಾರಣಗಳಿರುವ ಮರ ಇನ್ನೊಂದು ಸಿಕ್ಕುವುದು ಕಷ್ಟ. ಆದರೆ ನೀರಿನ ನಡುವೆ, ಮುಳ್ಳಿನ ಕಾವಲಿನಲ್ಲಿ, ಬಣ್ಣದ ಕೊಕ್ಕರೆಗಳು ಅದರ ಮೇಲೆ ಗೂಡು ಕಟ್ಟಿದವು. 2017ರಲ್ಲಿ ಸರ್ಕಾರ ಆ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲೆಂದು ಘೋಷಿಸಿತು. 2024ರಲ್ಲಿ ರಾಮ್‌ಸರ್ ಒಪ್ಪಂದದ ಪಟ್ಟಿಗೆ ಅದು ಸೇರಿತು. ಹೂವಿನ, ಹಣ್ಣಿನ, ನೆರಳಿನ ಹೆಸರಿನಲ್ಲಿ ಸಿಗದ ರಕ್ಷಣೆ ಜಾಲಿಗೆ ಹಕ್ಕಿಯ ಹೆಸರಿನಲ್ಲಿ ಸಿಕ್ಕಿತು.

ಇದಕ್ಕೆ ಆಧಾರವಾದದ್ದು 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿ. ಇಂಥ ಮೀಸಲನ್ನು ಸಾರುವ ಮುನ್ನ ಸರ್ಕಾರ ಅಲ್ಲಿಯ ಜನರೊಡನೆ ಸಮಾಲೋಚಿಸಬೇಕು. ನಿರ್ವಹಣೆಗೆ ಸಲಹೆ ಕೊಡುವ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗೆ ಸ್ಥಾನವಿರಬೇಕು. 1882ರ ಕಾಯ್ದೆ ಊರವನನ್ನು ಕಂಡದ್ದು ಹಕ್ಕು ಕೇಳಲು ಬಂದ ಅರ್ಜಿದಾರನಂತೆ, ಇಲ್ಲವೆ ಅಪರಾಧಿಯಂತೆ. ಇಲ್ಲಿ ಅವನಿಗೊಂದು ಕುರ್ಚಿ ಹಾಕಿದ್ದಾರೆ. ಕೆರೆಯ ನೀರನ್ನು ನಂಬಿದವನೂ, ಜಾಲಿಯ ಸೌದೆಯನ್ನು ಬಲ್ಲವನೂ ಅವನೇ ಆದ್ದರಿಂದ ಆ ಕುರ್ಚಿ ಅಲಂಕಾರಕ್ಕೆ ಉಳಿಯಬಾರದು.

ಮೀಸಲಿನ ಗೆರೆ ಕೆರೆಯೊಡನೆ ಮುಗಿಯುತ್ತದೆ. ಅದರಾಚೆ ಪೇಟೆಯ ದಾರಿ ಹಿಡಿದರೆ, ಬದಿಯ ಬೇವು ಹುಣಿಸೆಗಳಿಗೆ ಮತ್ತೆ ಹಳೆಯ ಪ್ರಶ್ನೆಯೇ: ಅವು ಸಂಚಾರಕ್ಕೆ ಅಡ್ಡಿಯೇ, ಅಲ್ಲವೇ?