ಅವ್ವ ಹೇಳದ ಮಾತು

2024ರ ಲೋಕಸಭಾ ಚುನಾವಣೆಗೆ ಮುಂಚೆ ಸಿರವಾರದ ನಮ್ಮ ಮನೆಗೆ ಒಬ್ಬ ಹುಡುಗ ಬಂದ. ಯಾವುದೋ ಸಮೀಕ್ಷೆಯವನು. ಕಟ್ಟೆಯ ಮೇಲಿದ್ದ ನಮ್ಮನೆಯವರನ್ನು ಕೇಳಿ ಬರೆದುಕೊಂಡ. "ಮನ್ಯಾಗ ಮತ್ತ ಯಾರು ಅದಾರ್ರಿ?" ಎಂದ. "ನಮ್ಮಾಕಿ ಅದಾಳ. ಆಕೀದೂ ಇದಽ ಅಂತ ಬರಕೋಪಾ" ಎಂದರು ಇವರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ನಗು ಬಂತು. ನನ್ನದು ಅದಾಗಿರಲಿಲ್ಲ.

ಆಗ ಅವ್ವ ನೆನಪಾದಳು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾದಾಗ ಅವ್ವ ರೇಡಿಯೋ ಮುಂದೆ ಕೂತು ಅತ್ತಿದ್ದಳು. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಬಂದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಇದು ತಮ್ಮ ಪಕ್ಷಕ್ಕಾದ ಸೋಲೆಂದು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಬೆರಳಿನ ಮಸಿ ಮಾಸುವಷ್ಟರಲ್ಲಿ, 1985ರ ಮಾರ್ಚಿನಲ್ಲಿ, ಅದೇ ಮತದಾರರು 224ರಲ್ಲಿ 139 ಸ್ಥಾನಗಳನ್ನು ಜನತಾ ಪಕ್ಷಕ್ಕೆ ಕೊಟ್ಟರು! ದೆಹಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಇನ್ನೊಂದು. ಜನವರಿಯಲ್ಲಿ ಯಾರಾದರೂ ಲೋಕಸಭೆಯ ಫಲಿತಾಂಶ ಹಿಡಿದು ಭವಿಷ್ಯ ನುಡಿದಿದ್ದರೆ ಅವರ ಗತಿ ಏನಾಗುತ್ತಿತ್ತು?

ಆ ಮಾರ್ಚಿನಲ್ಲಿ ಅಪ್ಪ ಕೇಳಿದಾಗ ಅವ್ವ, "ನೀವು ಹೇಳಿದವರಿಗೇ ಹಾಕೀನ್ರಿ" ಎಂದು ಒಲೆಯ ಕಡೆ ತಿರುಗಿದಳು. ನಾನು ಗುಟ್ಟಾಗಿ, "ಖರೇನಾ ಅವ್ವಾ?" ಎಂದೆ. "ಓಟು ಯಾರಿಗೂ ಹೇಳಬಾರದಂತ ನಿಮ್ಮ ಮಾಸ್ತರ ಹೇಳಿಲ್ಲೇನು?" ಎಂದಳು. ಕೊನೆಯವರೆಗೂ ಹೇಳಲಿಲ್ಲ.

ಯಾರನ್ನು ಕೇಳಿದರು ಎಂಬುದೇ ಸಮೀಕ್ಷೆಯ ಜೀವ. 1936ರಲ್ಲಿ ಅಮೆರಿಕದ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಕಾರ್ಡು ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಬರೆಯಿತು. 48 ರಾಜ್ಯಗಳಲ್ಲಿ 46ನ್ನು ರೂಸ್‌ವೆಲ್ಟ್ ಗೆದ್ದರು. ವಿಳಾಸಗಳನ್ನು ಹೆಚ್ಚಾಗಿ ಟೆಲಿಫೋನು ಮತ್ತು ಮೋಟಾರುಗಳ ಪಟ್ಟಿಯಿಂದ ತೆಗೆದಿದ್ದರು. ಆ ಕಷ್ಟಕಾಲದಲ್ಲಿ ಬಡವರ ಮನೆಯಲ್ಲಿ ಅವೆಲ್ಲಿ? ತೀರ ಕಡಿಮೆ ಜನರನ್ನು ಕೇಳಿದ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ನಿಜ, ಆದರೆ ಮೊದಲು ಪಾತ್ರೆಗೆ ಸೌಟು ಹಾಕಿ ಕಲಕಿರಬೇಕು.

ನಮ್ಮ ದೇಶದಲ್ಲಿ ಹೆಂಗಸರು ಪಟ್ಟಿಗೆ ಸೇರಿದ್ದೇ ಕಷ್ಟದಿಂದ. 1951-52ರ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಮಹಿಳೆಯರನ್ನು, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ಮತದಾರರ ಪಟ್ಟಿಯಿಂದ ತೆಗೆಯಬೇಕಾಯಿತು. ಅವರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದು ಬರೆಸಿದ್ದರು. ನಮ್ಮ ಕಟ್ಟೆಯ ಮೇಲೆ ನಾನೂ ಅಷ್ಟೇ ಆದೆನಲ್ಲ!

ಸಮೀಕ್ಷೆಯೆಲ್ಲ ಸುಳ್ಳು ಎನ್ನಲಾರೆ. 2023ರಲ್ಲಿ ಹಲವರು ಅತಂತ್ರ ವಿಧಾನಸಭೆ ಎಂದಾಗ ಒಂದೆರಡು ಸಂಸ್ಥೆಗಳು ಕಾಂಗ್ರೆಸ್ಸಿಗೆ ಬಹುಮತವೆಂದಿದ್ದವು; ಬಂದದ್ದು 135. ಆದರೆ ಮತದ ಲೆಕ್ಕ ಸರಿಯಿದ್ದರೂ ಸ್ಥಾನದ ಲೆಕ್ಕ ತಪ್ಪಬಹುದು. 2018ರಲ್ಲಿ ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗಿಂತ ಶೇ. 36ರಷ್ಟು ಪಡೆದ ಬಿಜೆಪಿಗೇ ಹೆಚ್ಚು ಸ್ಥಾನ ಬಂದಿತ್ತು. ಅದಕ್ಕೇ ನಾನು ಸ್ಥಾನಗಳ ಅಂಕಿ ಬಿಟ್ಟು, ಯಾವಾಗ ಕೇಳಿದರು, ದುಡ್ಡು ಯಾರದು, ಹೆಂಗಸರನ್ನು ಬೇರೆಯಾಗಿ ಕೇಳಿದರೇ ಎಂದು ಹುಡುಕುತ್ತೇನೆ. ಕೊನೆಯದು ಸಿಗುವುದು ಅಪರೂಪ.

2024ರ ಜೂನ್ 1ರಂದು ಮತಗಟ್ಟೆ ಸಮೀಕ್ಷೆಗಳು ಬಂದವು. ಬಹುಪಾಲು ಎಲ್ಲವೂ ಎನ್‌ಡಿಎಗೆ 350 ದಾಟುತ್ತದೆ ಎಂದವು. 4ರಂದು ಬಂದದ್ದು 293. ಟಿ.ವಿ. ಮುಂದೆ ಕೂತಿದ್ದ ನಮ್ಮನೆಯವರು, "ಇದೆಂಗ ತಪ್ಪಾತು?" ಎಂದು ನನ್ನನ್ನೇ ಕೇಳಿದರು. "ರೊಟ್ಟಿ ಆರ್ತಾವ, ಉಣ್ಣಾಕ ಬರ್ರಿ" ಎಂದೆ.